ಆರು ಕೇಬಲ್ ಅಂತರ: ವೈಸ್ ಅಡ್ಮಿರಲ್ ಜಾರ್ಜ್ ಟ್ರೈಯನ್ ವೃತ್ತಿಜೀವನ ಮತ್ತು ‘ವಿಕ್ಟೋರಿಯಾ’ ಮುಳುಗಡೆಯ ಪ್ರಕರಣ

1893ರ ಜೂನ್ 22ರ ಮಧ್ಯಾಹ್ನ ಸಮುದ್ರ ಶಾಂತವಾಗಿತ್ತು, ಬಿಸಿಲು ಚುರುಗುಟ್ಟುತ್ತಿತ್ತು, ಮಂಜಿನ ಸುಳಿವೇ ಇರಲಿಲ್ಲ. ಬ್ರಿಟನ್ನಿನ ಮೆಡಿಟರೇನಿಯನ್ ನೌಕಾಬಲ ಬೈರೂತ್‌ನಿಂದ ಹೊರಟು ಟ್ರಿಪೋಲಿಗೆ ಹೋಗುತ್ತಿತ್ತು. ಇದು ಲಿಬಿಯಾದ ಟ್ರಿಪೋಲಿಯಲ್ಲ. ಇವತ್ತಿನ ಲೆಬನಾನಿನಲ್ಲಿರುವ, ಆಗ ಒಟ್ಟೋಮನ್ ಆಳ್ವಿಕೆಗೆ ಸೇರಿದ್ದ ಊರು. ಸುತ್ತಮುತ್ತ ಶತ್ರುವಿಲ್ಲ, ಬಂಡೆಯಿಲ್ಲ. ಅಂಥ ದಿನ, ಅಂಥ ಜಾಗದಲ್ಲಿ, ಹತ್ತು ಸಾವಿರ ಟನ್ನಿನ ಎರಡು ಯುದ್ಧನೌಕೆಗಳು ಹಗಲು ಬೆಳಕಿನಲ್ಲಿ ಒಂದನ್ನೊಂದು ನೋಡುತ್ತಲೇ ಬಂದು ಗುದ್ದಿಕೊಂಡವು. ನೌಕಾಬಲದ ಮುಖ್ಯ ಹಡಗು ‘ವಿಕ್ಟೋರಿಯಾ’ ಕಾಲು ಗಂಟೆಯೊಳಗೆ ಮಗುಚಿ ಮುಳುಗಿತು. 358 ಮಂದಿ ಸತ್ತರು. ಅವರಲ್ಲಿ ಒಬ್ಬರು ಆ ತಿರುವಿಗೆ ಆಜ್ಞೆ ಕೊಟ್ಟ ದಂಡನಾಯಕ, ವೈಸ್ ಅಡ್ಮಿರಲ್ ಸರ್ ಜಾರ್ಜ್ ಟ್ರೈಯನ್.

ಈ ಘಟನೆಯನ್ನು ‘ಹಟಮಾರಿ ಅಧಿಕಾರಿಯ ತಪ್ಪು’ ಎಂದು ಒಂದು ಸಾಲಿನಲ್ಲಿ ಹೇಳಿ ಮುಗಿಸುವುದು ರೂಢಿ. ಆದರೆ ಆಗಿನ ರಾಯಲ್ ನೇವಿಯಲ್ಲಿ ಕೈಕೆಳಗಿನವರು ಸ್ವಂತ ಬುದ್ಧಿ ಬಳಸಬೇಕು ಎಂದು ಟ್ರೈಯನ್ನರಷ್ಟು ಒತ್ತಿ ಹೇಳಿದ ಹಿರಿಯ ಅಧಿಕಾರಿ ಇನ್ನೊಬ್ಬರಿರಲಿಲ್ಲ. ಅಂಥವರ ಹಡಗೇ ಕುರುಡು ವಿಧೇಯತೆಗೆ ಬಲಿಯಾದದ್ದು ಹೇಗೆ ಎಂಬುದು ಈ ಪ್ರಕರಣದ ತಿರುಳು. ಅದಕ್ಕೆ ಅವರ ವೃತ್ತಿಜೀವನದಿಂದಲೇ ಶುರುಮಾಡಬೇಕು.

ಮೇಲೇರಿದ ದಾರಿ

ಟ್ರೈಯನ್ ಹುಟ್ಟಿದ್ದು 1832ರ ಜನವರಿ 4ರಂದು, ನಾರ್ಥಾಂಪ್ಟನ್‌ಷೈರ್‌ನ ಬಲ್ವಿಕ್ ಎಂಬಲ್ಲಿ, ಅನುಕೂಲಸ್ಥ ಮನೆತನದಲ್ಲಿ. ಈಟನ್ ಶಾಲೆಯಲ್ಲಿ ಓದಿ 1848ರಲ್ಲಿ ಕೆಡೆಟ್ ಆಗಿ ನೌಕಾಪಡೆ ಸೇರಿದರು. ಹದಿಮೂರು ಹದಿನಾಲ್ಕಕ್ಕೇ ಹಡಗು ಹತ್ತುತ್ತಿದ್ದ ಕಾಲದಲ್ಲಿ ಹದಿನಾರು ಎಂದರೆ ತಡವೇ. ಕ್ರಿಮಿಯ ಯುದ್ಧದಲ್ಲಿ ಹಡಗಿನಿಂದಿಳಿದು ನೆಲದ ಮೇಲೆ ತೋಪು ನಡೆಸಿದ ನಾವಿಕ ದಳದಲ್ಲಿದ್ದು ಗಾಯಗೊಂಡರು. 1861ರಲ್ಲಿ ಬ್ರಿಟನ್ನಿನ ಮೊದಲ ಕಬ್ಬಿಣದ ಯುದ್ಧನೌಕೆ ‘ವಾರಿಯರ್’ಗೆ ಕಮಾಂಡರ್ ಆಗಿ ನೇಮಕವಾಯಿತು. 1866ಕ್ಕೆ ಕ್ಯಾಪ್ಟನ್ ಆದರು. ಹಾಯಿಯಲ್ಲಿ ಪಳಗಿ ಉಗಿಯ ಕಾಲಕ್ಕೆ ದಾಟಿದ ತಲೆಮಾರು ಅದು.

ಅವರ ನಿಜವಾದ ಸಾಮರ್ಥ್ಯ ತೋರಿದ್ದು ಅಬಿಸೀನಿಯ (ಇಂದಿನ ಇಥಿಯೋಪಿಯ) ದಂಡಯಾತ್ರೆಯಲ್ಲಿ. 1867-68ರಲ್ಲಿ ಬಾಂಬೆ ಸೇನೆಯ ಮುಖ್ಯಸ್ಥ ರಾಬರ್ಟ್ ನೇಪಿಯರ್ ಭಾರತದಿಂದ ಪಡೆ ಕಟ್ಟಿಕೊಂಡು ಕೆಂಪು ಸಮುದ್ರದ ಆನ್ಸ್‌ಲಿ ಕೊಲ್ಲಿಗೆ ಹೋದರು. ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಕೂಡ ಆ ದಂಡಿನಲ್ಲಿತ್ತು. ಇಳಿಯುವ ಜಾಗ ಜೂಲಾ, ಬರಿ ಮರಳು. ಬಂದರಿಲ್ಲ, ಕುಡಿಯುವ ನೀರೂ ಇಲ್ಲ. ಹಡಗುಗಳ ಬಾಯ್ಲರಿನಲ್ಲಿ ಸಮುದ್ರದ ನೀರು ಕಾಯಿಸಿ, ಆವಿಯನ್ನು ತಣಿಸಿ, ಸೈನಿಕರಿಗೂ ಸಾವಿರಾರು ಪ್ರಾಣಿಗಳಿಗೂ ಕುಡಿಸಬೇಕಿತ್ತು. ಭಾರತದಿಂದ ರೈಲು ಹಳಿ ಬಂತು, ಹೇಸರಗತ್ತೆ ಬಂದವು, ತೋಪು ಹೊರಲು 44 ಆನೆಗಳೂ ಬಂದವು. ಆ ನೂರಾರು ಸಾಗಣೆ ಹಡಗುಗಳನ್ನು ಯಾವುದು ಯಾವಾಗ ಎಲ್ಲಿ ನಿಲ್ಲಬೇಕು, ಏನು ಮೊದಲು ಇಳಿಯಬೇಕು ಎಂದು ನಿರ್ಧರಿಸಿ ನಡೆಸುವ ಹೊಣೆ ಮೂವತ್ತಾರು ವರ್ಷದ ಟ್ರೈಯನ್ನರ ಹೆಗಲಿಗೆ ಬಿತ್ತು. ದೂರ, ಸಮಯ, ಜಾಗ, ಇವುಗಳ ಲೆಕ್ಕವೇ ಆ ಕೆಲಸದ ಜೀವಾಳ. ಅದನ್ನು ಅವರು ಚೊಕ್ಕವಾಗಿ ಮಾಡಿದರು. ಇಪ್ಪತ್ತೈದು ವರ್ಷದ ನಂತರದ ಮಧ್ಯಾಹ್ನವನ್ನು ಅರ್ಥಮಾಡಿಕೊಳ್ಳುವುದಕ್ಕೆ ಅಡ್ಡಬರುವುದೂ ಇದೇ ಸಂಗತಿ. ಲೆಕ್ಕ ಬಾರದ ಮನುಷ್ಯ ಅಲ್ಲ ಆತ.

ಮುಂದಿನದ್ದು ಏರುಮುಖ. 1875-76ರಲ್ಲಿ ವೇಲ್ಸ್ ರಾಜಕುಮಾರ ಭಾರತ ಪ್ರವಾಸಕ್ಕೆ ಬಂದಾಗ ಬೆಂಗಾವಲಾಗಿದ್ದ ‘ರ‍್ಯಾಲೆ’ ಹಡಗಿಗೆ ಟ್ರೈಯನ್ ಕ್ಯಾಪ್ಟನ್. 1882ರಿಂದ 84ರವರೆಗೆ ನೌಕಾಪಡೆಯ ಆಡಳಿತ ನಡೆಸುತ್ತಿದ್ದ ಅಡ್ಮಿರಾಲ್ಟಿಯ ಕಾರ್ಯದರ್ಶಿ. 1884ರಲ್ಲಿ ರಿಯರ್ ಅಡ್ಮಿರಲ್ ಆಗಿ ಆಸ್ಟ್ರೇಲಿಯಾ ನೆಲೆಯ ಮುಖ್ಯಸ್ಥರಾಗಿ ಹೋದರು. ಅಲ್ಲಿನ ವಸಾಹತುಗಳು ತಮ್ಮ ಕಡಲ ರಕ್ಷಣೆಯ ಖರ್ಚಿನಲ್ಲಿ ಪಾಲು ಕೊಡುವ ಒಪ್ಪಂದಕ್ಕೆ ಮೂರು ವರ್ಷ ಮಾತುಕತೆ ನಡೆಸಿದರು. 1888ರ ನೌಕಾ ಕವಾಯತಿನಲ್ಲಿ ಐರ್ಲೆಂಡಿನ ಕೊಲ್ಲಿಗಳಲ್ಲಿ ದಿಗ್ಬಂಧನಕ್ಕೆ ಸಿಕ್ಕಿದ್ದ ‘ಶತ್ರು’ ಪಡೆ ಇವರದು. ಅದು ಬೇಲಿ ಹಾರಿ ಬಂದು ಲಿವರ್‌ಪೂಲ್ ಬಂದರನ್ನೇ ‘ವಶಪಡಿಸಿಕೊಂಡಿತು’. ನೇವಿಯಲ್ಲಿ ಅತ್ಯುತ್ತಮ ವ್ಯೂಹತಜ್ಞ ಯಾರೆಂದರೆ ಟ್ರೈಯನ್ ಎಂಬ ಮಾತು ಆ ಹೊತ್ತಿಗೆ ನೆಲೆಯೂರಿತ್ತು. 1891ರಲ್ಲಿ ಮೆಡಿಟರೇನಿಯನ್ ನೌಕಾಬಲದ ಮುಖ್ಯಸ್ಥರಾದರು. ಬ್ರಿಟನ್ನಿನ ಪಾಲಿಗೆ ಅದಕ್ಕಿಂತ ದೊಡ್ಡ ಕಡಲ ಹುದ್ದೆ ಇರಲಿಲ್ಲ.

ಎರಡು ಬಾವುಟಗಳ ಪಾಠ

ಆ ಕಾಲದ ನೌಕಾಬಲ ಬಾವುಟದ ಭಾಷೆಯಲ್ಲಿ ನಡೆಯುತ್ತಿತ್ತು. ಹತ್ತು ಹಡಗು ಒಂದು ತಿರುವು ತೆಗೆದುಕೊಳ್ಳಬೇಕೆಂದರೆ, ಮುಖ್ಯ ಹಡಗು ಸಂಜ್ಞಾ ಪುಸ್ತಕ ನೋಡಿ ಬಾವುಟಗಳ ಸಾಲು ಏರಿಸುತ್ತದೆ. ಉಳಿದ ಹಡಗುಗಳು ಅದನ್ನು ದುರ್ಬೀನಿನಲ್ಲಿ ಓದಿ, ತಮ್ಮ ಪುಸ್ತಕದಲ್ಲಿ ಹುಡುಕಿ, ಅದೇ ಸಾಲನ್ನು ತಾವೂ ಏರಿಸುತ್ತವೆ. ಅರ್ಧಕ್ಕೆ ಏರಿಸಿದರೆ ‘ಕಂಡಿದೆ, ಅರ್ಥವಾಗಿಲ್ಲ’ ಎಂದರ್ಥ, ಪೂರ್ತಿ ಏರಿಸಿದರೆ ‘ಅರ್ಥವಾಯಿತು’. ಎಲ್ಲರದೂ ಪೂರ್ತಿ ಏರಿದ ಮೇಲೆ ಮುಖ್ಯ ಹಡಗು ತನ್ನ ಬಾವುಟ ಇಳಿಸುತ್ತದೆ. ಇಳಿದ ಆ ಕ್ಷಣವೇ ಆಜ್ಞೆ ಜಾರಿಯಾದ ಕ್ಷಣ. ಈ ಕೊನೆಯ ವಿವರವನ್ನು ನೆನಪಿನಲ್ಲಿಡಬೇಕು.

ಯುದ್ಧದ ಹೊಗೆಯಲ್ಲಿ, ಕೂವೆಮರಗಳು ಮುರಿದು ಬೀಳುವಲ್ಲಿ, ಈ ಪದ್ಧತಿ ಒಂದು ಗಳಿಗೆಯೂ ನಿಲ್ಲುವುದಿಲ್ಲ ಎಂಬುದು ಟ್ರೈಯನ್ನರ ವಾದ. ಆದ್ದರಿಂದ ಅವರು ‘ಟಿ.ಎ.’ ಎಂಬ ಎರಡಕ್ಷರದ ಸಂಜ್ಞೆಯ ಮೇಲೆ ಹೊಸ ಪದ್ಧತಿಯೊಂದನ್ನು ಕಟ್ಟಿದರು. ಅದು ಏರಿತೆಂದರೆ ಮುಂದೆ ಸಂಜ್ಞೆ ಬರಲಿಕ್ಕಿಲ್ಲ, ಮುಖ್ಯ ಹಡಗಿನ ಚಲನೆಯನ್ನು ಕಣ್ಣಿಟ್ಟು ನೋಡಿ, ಅದರ ಉದ್ದೇಶ ಊಹಿಸಿ, ಪ್ರತಿ ಕ್ಯಾಪ್ಟನ್ ತಾನೇ ತನ್ನ ಹಡಗನ್ನು ನಡೆಸಬೇಕು. ಕವಾಯತಿನ ಯೋಜನೆಯನ್ನು ಮುಂಚಿತವಾಗಿ ವಿವರಿಸದೆ ಇರುವುದೂ ಅವರ ಪಾಠದ ಭಾಗವೇ ಆಗಿತ್ತು. ಎದುರಿಗೆ ಬಂದದ್ದನ್ನು ನೋಡಿ ಅಲ್ಲೇ ತೀರ್ಮಾನಿಸುವುದನ್ನು ಕ್ಯಾಪ್ಟನ್‌ಗಳು ಕಲಿಯಲಿ ಎಂದು.

ಇದಕ್ಕಿಂತಲೂ ಮುಖ್ಯವಾದ ಒಂದು ಲಿಖಿತ ಜ್ಞಾಪನವನ್ನೂ ಅವರು ತಮ್ಮ ನೌಕಾಬಲಕ್ಕೆ ಕೊಟ್ಟಿದ್ದರು. ಅದರ ಸಾರ ಹೀಗೆ: ಯಾವುದೇ ಆಜ್ಞೆಯನ್ನು ಅಕ್ಷರಶಃ ಪಾಲಿಸಿದರೆ ನಮ್ಮದೇ ಹಡಗಿಗೆ ಡಿಕ್ಕಿಯಾಗುವಂತಿದ್ದರೆ, ಮೊದಲು ಡಿಕ್ಕಿ ತಪ್ಪಿಸಬೇಕು, ಆಮೇಲೆ ಸಾಧ್ಯವಾದಷ್ಟು ಆಜ್ಞೆಯ ಉದ್ದೇಶವನ್ನು ಈಡೇರಿಸಬೇಕು. ಜೂನ್ 22ರಂದು ಎರಡನೇ ಸಾಲಿನ ಮುಂದಾಳಿಗೆ ಬೇಕಾಗಿದ್ದ ಅನುಮತಿ ಕಾಗದದ ಮೇಲೆ ಮೊದಲೇ ಇತ್ತು ಎಂದಾಯಿತು.

ಆದರೆ ಟ್ರೈಯನ್ ಆಜಾನುಬಾಹು, ಗಡ್ಡಧಾರಿ, ಏರುದನಿಯ ಮಾತುಗಾರ. ಎದುರು ವಾದ ಮಾಡಿ ಗೆದ್ದವರು ಕಡಿಮೆ. ಅರ್ಥವಾಗದಂತೆ ಕಂಡ ಅವರ ಎಷ್ಟೋ ಆಜ್ಞೆಗಳು ಕೊನೆಗೆ ಚೆಂದವಾಗಿ ಬಗೆಹರಿದದ್ದನ್ನು ನೌಕಾಬಲವೆಲ್ಲ ಕಂಡಿತ್ತು. ‘ಅವರ ತಲೆಯಲ್ಲಿ ಏನೋ ಇದೆ’ ಎಂಬ ನಂಬಿಕೆ ಬೇರು ಬಿಟ್ಟಿತ್ತು. ಯೋಚಿಸಿ ಎಂದು ಕಲಿಸಿದ ಗುರುವಿನ ಮೇಲಿನ ಈ ನಂಬಿಕೆಯೇ ಶಿಷ್ಯರ ಯೋಚನೆಗೆ ಅಡ್ಡವಾಯಿತು ಎಂಬುದು ನಮ್ಮ ತಿಳಿವಳಿಕೆ.

ಹಡಗು ಎಂಥದ್ದು

‘ವಿಕ್ಟೋರಿಯಾ’ವನ್ನು ಆರ್ಮ್‌ಸ್ಟ್ರಾಂಗ್ ಕಂಪನಿ ಎಲ್ಸ್‌ವಿಕ್‌ನಲ್ಲಿ ಕಟ್ಟಿ 1887ರಲ್ಲಿ ನೀರಿಗಿಳಿಸಿತು. 340 ಅಡಿ ಉದ್ದ, 70 ಅಡಿ ಅಗಲ, ತೂಕ 10,470 ಟನ್. ಮುಂಭಾಗದಲ್ಲಿ ಒಂದೇ ಒಂದು ತೋಪುಗೋಪುರ, ಅದರಲ್ಲಿ 16.25 ಇಂಚು ಬಾಯಿಯ ಎರಡು ತೋಪು. ಒಂದೊಂದರ ತೂಕ 110 ಟನ್ನಿನಷ್ಟು. ಇಷ್ಟು ಭಾರವನ್ನು ಮೂತಿಯ ಕಡೆ ಹೊತ್ತ ಮೇಲೆ ಅಲ್ಲಿನ ಅಟ್ಟವನ್ನು (ಡೆಕ್) ಎತ್ತರಿಸಲು ಬರುವುದಿಲ್ಲ. ನೀರಿನಿಂದ ಹತ್ತಡಿ ಎತ್ತರದಲ್ಲೇ ಮುಂದಿನ ಅಟ್ಟ. ಹಿಂಭಾಗ ಎತ್ತರ, ಮುಂಭಾಗ ತಗ್ಗು. ನಾವಿಕರು ಈ ಹಡಗನ್ನೂ ಇದರ ಜೋಡಿ ‘ಸಾನ್ ಪರೇಲ್’ ಅನ್ನೂ ಸೇರಿಸಿ ‘ಒಂದು ಜೊತೆ ಚಪ್ಪಲಿ’ ಎಂದು ಕರೆಯುತ್ತಿದ್ದರು. ಆಕಾರ ಹಾಗೆಯೇ ಇತ್ತು.

ಅದಕ್ಕೆ ಗುದ್ದಿದ ‘ಕ್ಯಾಂಪರ್‌ಡೌನ್’ ಕೂಡ ಹತ್ತು ಸಾವಿರ ಟನ್ ಮೀರಿದ್ದು. ಆ ಕಾಲದ ಎಲ್ಲ ಯುದ್ಧನೌಕೆಗಳಂತೆ ಅದರ ಮೂತಿಯಲ್ಲೂ ನೀರಿನ ಕೆಳಗೆ ಮುಂಚಾಚಿದ ಉಕ್ಕಿನ ಕೊಂಬು ಇತ್ತು. ಶತ್ರುವಿನ ಹೊಟ್ಟೆ ಬಗೆಯಲು ಮಾಡಿದ ಕೊಂಬು. ಸ್ವಂತ ಹಡಗಿಗೆ ಮೂತಿ ತಾಗಿದರೂ ಅದು ಅದೇ ಕೆಲಸ ಮಾಡುತ್ತದೆ.

ಆರು ಎಂಬ ಅಂಕಿ

ಮಧ್ಯಾಹ್ನ ನೌಕಾಬಲ ಎರಡು ಸಾಲಾಯಿತು. ಬಲಸಾಲಿನಲ್ಲಿ ಆರು ಹಡಗು, ತಲೆಯಲ್ಲಿ ಟ್ರೈಯನ್ನರ ‘ವಿಕ್ಟೋರಿಯಾ’. ಎಡಸಾಲಿನಲ್ಲಿ ಐದು, ತಲೆಯಲ್ಲಿ ರಿಯರ್ ಅಡ್ಮಿರಲ್ ಆಲ್ಬರ್ಟ್ ಮಾರ್ಕಮ್ ಅವರ ‘ಕ್ಯಾಂಪರ್‌ಡೌನ್’. ಈ ಮಾರ್ಕಮ್ ಹೇಡಿಯಲ್ಲ. 1876ರಲ್ಲಿ ಉತ್ತರ ಧ್ರುವದ ಕಡೆ ಹಿಮದ ಮೇಲೆ ನಡೆದು 83 ಡಿಗ್ರಿ 20 ಮಿನಿಟ್ ಅಕ್ಷಾಂಶದವರೆಗೆ ತಲುಪಿ, ಅಲ್ಲಿಯವರೆಗೆ ಯಾರೂ ಮುಟ್ಟದ ದಾಖಲೆ ಮಾಡಿದವರು. ನ್ಯೂಜಿಲೆಂಡಿನ ಈಗಿನ ಬಾವುಟದ ವಿನ್ಯಾಸವೂ ಅವರದೇ.

ಟ್ರೈಯನ್ನರ ಯೋಜನೆ ಹೀಗಿತ್ತು. ಎರಡೂ ಸಾಲು ಒಳಮುಖವಾಗಿ, ಅಂದರೆ ಒಂದರ ಕಡೆಗೊಂದು, 16 ಪಾಯಿಂಟ್ ತಿರುಗಬೇಕು. ದಿಕ್ಸೂಚಿಯಲ್ಲಿ 32 ಪಾಯಿಂಟ್ ಇರುವುದರಿಂದ 16 ಎಂದರೆ ಪೂರ್ತಿ ಹಿಂದಿರುಗುವುದು, 180 ಡಿಗ್ರಿ. ಮುಂದಾಳು ತಿರುಗಿದ ಜಾಗದಲ್ಲೇ ಹಿಂದಿನ ಹಡಗುಗಳು ಒಂದಾದ ಮೇಲೊಂದು ತಿರುಗುತ್ತವೆ. ತಿರುವು ಮುಗಿದಾಗ ಎರಡು ಸಾಲು ಹತ್ತಿರ ಹತ್ತಿರ ಬಂದಿರಬೇಕು. ಅದೇ ಅಂತರದಲ್ಲಿ ಹೋಗಿ ಟ್ರಿಪೋಲಿಯ ಮುಂದೆ ಲಂಗರು ಹಾಕಬೇಕು. ಕಣ್ಣಿಗೆ ಹಬ್ಬವಾಗುವಂಥ ಕವಾಯತು.

ಲೆಕ್ಕ ನೋಡಿ. ಒಂದು ಕೇಬಲ್ ಎಂದರೆ 200 ಗಜ, ಹತ್ತಿರ ಹತ್ತಿರ 183 ಮೀಟರ್. ಈ ನೌಕಾಬಲದಲ್ಲಿ ಎಲ್ಲರೂ ಒಂದೇ ಸಮನಾಗಿ ತಿರುಗಲೆಂದು ಗೊತ್ತುಮಾಡಿದ ಚುಕ್ಕಾಣಿಯ ಕೋನದಲ್ಲಿ ತಿರುವಿನ ವ್ಯಾಸ ಸುಮಾರು 800 ಗಜ, ಅಂದರೆ 4 ಕೇಬಲ್. ಎಡ ಹಡಗು ತಿರುಗಿ ಮುಗಿಸುವಷ್ಟರಲ್ಲಿ 4 ಕೇಬಲ್ ಒಳಗೆ ಬರುತ್ತದೆ, ಬಲ ಹಡಗೂ 4 ಕೇಬಲ್. ಕೊನೆಗೆ ನಡುವೆ 2 ಕೇಬಲ್ ಉಳಿಯಬೇಕು. ನಾಲ್ಕು, ನಾಲ್ಕು, ಎರಡು ಸೇರಿ ಹತ್ತು. ಹತ್ತು ಕೇಬಲ್ ಬೇಕಿತ್ತು. ಎಂಟು ಇದ್ದರೆ ಮೈಗೆ ಮೈ ತಾಗುವಷ್ಟು ಹತ್ತಿರ. ಆರಿದ್ದರೆ ಡಿಕ್ಕಿ ಖಾತ್ರಿ.

ಹಡಗಿನ ದಾರಿ ನೋಡಿಕೊಳ್ಳುವ ಸ್ಟಾಫ್ ಕಮಾಂಡರ್ ಹಾಕಿನ್ಸ್-ಸ್ಮಿತ್ ಕನಿಷ್ಠ ಎಂಟಾದರೂ ಬೇಕು ಎಂದರು. ಟ್ರೈಯನ್ ಹೌದು, ಎಂಟಾಗಲಿ ಎಂದು ಒಪ್ಪಿದರು. ಅವರು ಹೋದ ಮೇಲೆ ಅಡ್ಮಿರಲ್ಲಿನ ಸಂಜ್ಞೆಗಳನ್ನು ನೋಡಿಕೊಳ್ಳುವ ಧ್ವಜ ಲೆಫ್ಟಿನೆಂಟ್ ಲಾರ್ಡ್ ಗಿಲ್‌ಫರ್ಡ್ ಬಂದಾಗ ಅವರ ಕೈಗೆ ಸಿಕ್ಕ ಚೀಟಿಯಲ್ಲಿದ್ದದ್ದು 6. ಬಾವುಟ ಆರು ಕೇಬಲ್ ಎಂದು ಏರಿತು. ಅದನ್ನು ಕಂಡು ಹಾಕಿನ್ಸ್-ಸ್ಮಿತ್ ಗಾಬರಿಯಾಗಿ, ಏನೋ ತಪ್ಪಾಗಿರಬೇಕು, ಕೇಳಿ ಬನ್ನಿ ಎಂದು ಗಿಲ್‌ಫರ್ಡರನ್ನು ವಾಪಸು ಕಳಿಸಿದರು. ‘ವಿಕ್ಟೋರಿಯಾ’ದ ಕ್ಯಾಪ್ಟನ್ ಮೋರಿಸ್ ಬರ್ಕ್ ಕೂಡ ‘ಕ್ಯಾಂಪರ್‌ಡೌನ್’ಗೆ ತಿರುಗಲು 800 ಗಜ ಬೇಕು ಎಂದು ನೆನಪಿಸಿದರು. ಆರೇ ಇರಲಿ ಎಂಬುದು ಉತ್ತರ.

ಎಚ್ಚರಿಕೆ ಮೂರು ಸಲ ಬಂತು. ಆದರೆ ಮೂರು ಸಲವೂ ಅದು ಪ್ರಶ್ನೆಯ ವೇಷದಲ್ಲಿ ಬಂತು. ‘ಆರರಲ್ಲಿ ಡಿಕ್ಕಿಯಾಗುತ್ತದೆ’ ಎಂದು ಎದೆ ಕೊಟ್ಟು ಹೇಳಿದವರು ಒಬ್ಬರೂ ಇಲ್ಲ. ಅಂಕಿ ಸರಿಯೇ ಎಂದು ಕೇಳಿದರು, ಸರಿ ಎಂಬ ಉತ್ತರ ಸಿಕ್ಕಿತು, ಸುಮ್ಮನಾದರು.

ಟ್ರೈಯನ್ನರ ತಲೆಯಲ್ಲಿ ಇದ್ದದ್ದೇನು? ಎರಡು ವಿವರಣೆಗಳು ಗಟ್ಟಿಯಾಗಿ ನಿಲ್ಲುತ್ತವೆ. ಒಂದು, ವ್ಯಾಸದ ಬದಲು ತ್ರಿಜ್ಯ ಹಿಡಿದರು ಎಂಬುದು. ತಿರುವಿಗೆ 4 ಎನ್ನುವ ಜಾಗದಲ್ಲಿ 2 ಇಟ್ಟು ನೋಡಿ. ಎರಡು, ಎರಡು, ಎರಡು, ಒಟ್ಟು ಆರು. ಅಂಕಿ ಕರಾರುವಾಕ್ಕಾಗಿ ಹೊಂದುತ್ತದೆ. ಸಾಮಾನ್ಯವಾಗಿ ಸಾಲು 90 ಡಿಗ್ರಿ ತಿರುಗುವ ಕವಾಯತೇ ಹೆಚ್ಚು. ಅಲ್ಲಿ ಹಡಗು ಒಳಗೆ ಬರುವುದು ತ್ರಿಜ್ಯದಷ್ಟೇ, ಎರಡು ಕೇಬಲ್. ಆ ಅಭ್ಯಾಸದ ಅಂಕಿ ಇಲ್ಲಿಗೂ ನುಸುಳಿರಬಹುದು.

ಎರಡನೆಯದು ಬಾವುಟದ ಕೊನೆಯ ಮಾತಿಗೆ ಸಂಬಂಧಿಸಿದ್ದು. ಆಜ್ಞೆಯಲ್ಲಿ ‘ನೌಕಾಬಲದ ಕ್ರಮ ಉಳಿಸಿಕೊಂಡು’ ಎಂದಿತ್ತು. ಬಲಸಾಲು ಬಲಕ್ಕೇ ಇರಬೇಕೆಂದರೆ, ಹಿಂದಿರುಗಿದ ಮೇಲೆ ಎರಡು ಸಾಲೂ ಜಾಗ ಬದಲಿಸಿಕೊಂಡಿರಬೇಕು, ಅಂದರೆ ಒಂದು ಸಾಲು ಇನ್ನೊಂದರ ಹೊರಗಿನಿಂದ ಸುತ್ತಿ ಹೋಗಬೇಕು. ಟ್ರೈಯನ್ ಅದನ್ನೇ ಬಯಸಿದ್ದರು ಎನ್ನುವವರಿದ್ದಾರೆ. ಮಾರ್ಕಮ್ ಕೂಡ, ‘ವಿಕ್ಟೋರಿಯಾ’ ತನ್ನ ಹೊರಗಿನಿಂದ ಸುತ್ತಿ ಹೋಗುತ್ತದೆ ಎಂದು ಊಹಿಸಿದ್ದೆ ಎಂದೇ ವಿಚಾರಣೆಯಲ್ಲಿ ಹೇಳಿದರು. ನಮಗೆ ಮೊದಲ ವಿವರಣೆಯೇ ಹೆಚ್ಚು ಸರಿ ಎನಿಸುತ್ತದೆ. ಹೊರಗಿನಿಂದ ಸುತ್ತುವ ಯೋಚನೆಯಿದ್ದಿದ್ದರೆ ‘ವಿಕ್ಟೋರಿಯಾ’ದ ಚುಕ್ಕಾಣಿ ಅಷ್ಟು ಪೂರ್ತಿಯಾಗಿ ತಿರುಗುತ್ತಿರಲಿಲ್ಲ. ಆಮೇಲೆ ‘ಎಲ್ಲ ನನ್ನದೇ ತಪ್ಪು’ ಎಂಬ ಮಾತೂ ಟ್ರೈಯನ್ನರ ಬಾಯಿಂದ ಬರುತ್ತಿರಲಿಲ್ಲ. ಹಡಗನ್ನು ನಡೆಸುವ ಮೇಲಿನ ಕಟ್ಟೆ, ಅಂದರೆ ‘ಸೇತುವೆ’ಯ ಮೇಲಿದ್ದು ಬದುಕಿ ಉಳಿದವರು ಆ ಮಾತನ್ನು ಕೇಳಿಸಿಕೊಂಡಿದ್ದಾರೆ.

ಮೂರು ನಿಮಿಷ

ಸುಮಾರು ಮೂರೂವರೆಗೆ ತಿರುವಿನ ಬಾವುಟ ಏರಿತು. ಮಾರ್ಕಮ್ ಓದಿ, ಇದು ಆಗದ ಕೆಲಸ ಎಂದುಕೊಂಡು, ತಮ್ಮ ಬಾವುಟವನ್ನು ಅರ್ಧಕ್ಕೇ ನಿಲ್ಲಿಸಿದರು. ಸಂಶಯವಿದೆ ಎಂದು ಸೆಮಾಫೋರಿನಲ್ಲಿ, ಅಂದರೆ ತೋಳುಗಳ ಭಂಗಿಯಿಂದ ಅಕ್ಷರ ತಿಳಿಸುವ ಸಂಜ್ಞೆಯಲ್ಲಿ, ಕೇಳಲು ಹೊರಟರು. ಅಷ್ಟರಲ್ಲಿ ‘ವಿಕ್ಟೋರಿಯಾ’ದಿಂದಲೇ ಸೆಮಾಫೋರ್ ಬಂತು: ಯಾತಕ್ಕೆ ಕಾಯುತ್ತಿದ್ದೀರಿ? ಇಡೀ ನೌಕಾಬಲದ ಎದುರು ಕೇಳಿದ ಪ್ರಶ್ನೆ ಅದು. ಹಿಮಕ್ಕೆ ಅಂಜದವರು ಈ ಒಂದು ಸಾಲಿಗೆ ಅಂಜಿದರು. ಬಾವುಟ ಪೂರ್ತಿ ಏರಿತು. ‘ವಿಕ್ಟೋರಿಯಾ’ದ ಬಾವುಟ ಇಳಿಯಿತು. ಆಜ್ಞೆ ಜಾರಿಯಾಯಿತು.

ವೇಗ 8.8 ನಾಟ್, ಸೆಕೆಂಡಿಗೆ ನಾಲ್ಕೂವರೆ ಮೀಟರ್. ಆರು ಕೇಬಲ್ ಎಂದರೆ ಹತ್ತಿರ ಹತ್ತಿರ 1,100 ಮೀಟರ್. ಕಾಗದದ ಮೇಲೆ 365 ಮೀಟರ್ ತ್ರಿಜ್ಯದ ಎರಡು ಚಾಪ ಎಳೆದು ನೋಡಿದರೆ, ಎರಡು ಹಡಗೂ 90 ಡಿಗ್ರಿ ತಿರುಗಿ ಮುಖಾಮುಖಿಯಾದಾಗ ನಡುವೆ ಇನ್ನೂ ಎರಡು ಕೇಬಲ್ ಜಾಗ ಕಾಣುತ್ತದೆ. ಇಲ್ಲಿಯೇ ಮೋಸ ಇರುವುದು. ನೋಡುವವರಿಗೆ ಇನ್ನೂ ಜಾಗವಿದೆ ಎನಿಸುತ್ತದೆ. ಚಾಪಗಳು ಕೂಡುವುದು ಸುಮಾರು 120 ಡಿಗ್ರಿಯಲ್ಲಿ, ತಿರುವು ಶುರುವಾಗಿ ಮೂರು ನಿಮಿಷದ ಒಳಹೊರಗೆ. ನಡೆದದ್ದೂ ಹಾಗೆಯೇ: ಡಿಕ್ಕಿಯ ಹೊತ್ತು ಸುಮಾರು 3 ಗಂಟೆ 34 ನಿಮಿಷ.

ಆ ಮೂರು ನಿಮಿಷದಲ್ಲಿ ‘ವಿಕ್ಟೋರಿಯಾ’ದ ಸೇತುವೆಯ ಮೇಲೆ ನಡೆದದ್ದನ್ನು ಹತ್ತಿರದಿಂದ ನೋಡಬೇಕು. ಬರ್ಕ್ ಒಬ್ಬ ಮಿಡ್‌ಶಿಪ್‌ಮನ್‌ಗೆ (ತರಬೇತಿಯಲ್ಲಿರುವ ಕಿರಿಯ ಅಧಿಕಾರಿ) ‘ಕ್ಯಾಂಪರ್‌ಡೌನ್’ಗೆ ಎಷ್ಟು ದೂರವಿದೆ ಅಳೆ ಎಂದರು. ಮೂರೂಕಾಲು ಕೇಬಲ್ ಎಂದು ಹುಡುಗ ಹೇಳಿದ. ನಾವು ತೀರಾ ಹತ್ತಿರವಾಗುತ್ತಿದ್ದೇವೆ, ಏನಾದರೂ ಮಾಡಬೇಕು ಎಂದು ಬರ್ಕ್ ಟ್ರೈಯನ್ನರತ್ತ ತಿರುಗಿದರು. ಎಡಗಡೆಯ ಪ್ರೊಪೆಲ್ಲರನ್ನು ಹಿಂದಕ್ಕೆ ತಿರುಗಿಸಲೇ ಎಂದು ಕೇಳಿದರು. ಹಾಗೆ ಮಾಡಿದ್ದರೆ ತಿರುವು ಬಿಗಿಯಾಗುತ್ತಿತ್ತು. ಟ್ರೈಯನ್ ಹಿಂದಿನ ಹಡಗುಗಳನ್ನು ನೋಡುತ್ತಿದ್ದರು. ಬರ್ಕ್ ಮತ್ತೆ ಕೇಳಿದರು, ಮತ್ತೆ ಕೇಳಿದರು. ಹೂಂ ಎಂಬ ಉತ್ತರ ಬಂದಾಗ ಹೊತ್ತು ಮೀರಿತ್ತು. ಸ್ವಂತ ಹಡಗಿನ ಎಂಜಿನ್ನಿಗೆ ಆಜ್ಞೆ ಕೊಡಲು ಕ್ಯಾಪ್ಟನ್ ಅನುಮತಿಗೆ ಕಾದು ನಿಂತದ್ದು, ‘ಟಿ.ಎ.’ ಕಲಿಸಿದ ಅಡ್ಮಿರಲ್ಲಿನ ಮಗ್ಗುಲಲ್ಲೇ. ಇಡೀ ಪ್ರಕರಣದಲ್ಲಿ ಅತ್ಯಂತ ಸಂಕಟದ ದೃಶ್ಯ ಇದು.

‘ಕ್ಯಾಂಪರ್‌ಡೌನ್’ ಎಂಜಿನ್‌ಗಳನ್ನು ಹಿಂದಕ್ಕೆ ತಿರುಗಿಸಿದರೂ ಅಷ್ಟು ತೂಕ ಅಷ್ಟು ಬೇಗ ನಿಲ್ಲುವುದಿಲ್ಲ. ಅದರ ಕೊಂಬು ‘ವಿಕ್ಟೋರಿಯಾ’ದ ಬಲಮಗ್ಗುಲಿಗೆ, ಮೂತಿಯಿಂದ ಸುಮಾರು 65 ಅಡಿ ಹಿಂದೆ, ನೀರಿನ ಮಟ್ಟದಿಂದ 12 ಅಡಿ ಕೆಳಗೆ ನುಗ್ಗಿ, 9 ಅಡಿ ಒಳಗೆ ಹೋಯಿತು. ಹೊಡೆತಕ್ಕೆ ‘ವಿಕ್ಟೋರಿಯಾ’ದ ಮೂತಿ ಎಪ್ಪತ್ತು ಅಡಿ ಪಕ್ಕಕ್ಕೆ ಸರಿಯಿತು. ಎರಡೂ ಇನ್ನೂ ಮುಂದೆ ಚಲಿಸುತ್ತಿದ್ದರಿಂದ ಸಿಕ್ಕಿಕೊಂಡ ಕೊಂಬು ಗಾಯದೊಳಗೆ ತಿರುಗಿ ಅದನ್ನು ಇನ್ನಷ್ಟು ಹರಿಯಿತು. ‘ಕ್ಯಾಂಪರ್‌ಡೌನ್’ ಹಿಂದೆ ಸರಿದಾಗ ಸುಮಾರು ನೂರು ಚದರಡಿಯ ಬಾಯಿ ತೆರೆದುಕೊಂಡಿತು.

ಮುಳುಗಿಸಿದ್ದು ಬಾಗಿಲುಗಳು

ಡಿಕ್ಕಿಗೆ ಕಾರಣ ಆರು ಎಂಬ ಅಂಕಿ. ಆದರೆ ಮುಳುಗಡೆಗೆ ಅದೊಂದೇ ಸಾಲದು, ಇನ್ನೊಂದು ಕಾರಣ ಬೇಕು. ಯುದ್ಧನೌಕೆಯ ಒಡಲನ್ನು ನೀರುಬಿಗಿ ಗೋಡೆಗಳಿಂದ ಖಾನೆಖಾನೆಯಾಗಿ ವಿಂಗಡಿಸಿರುತ್ತಾರೆ. ಒಂದೆರಡು ಖಾನೆ ತುಂಬಿದರೂ ಹಡಗು ತೇಲಬೇಕು. ಆದರೆ ಆ ಗೋಡೆಗಳಲ್ಲಿ ಜನ ಓಡಾಡಲು ಬಾಗಿಲುಗಳಿರುತ್ತವೆ. ಆ ದಿನ ಸೆಕೆ. ಗಾಳಿಯಾಡಲೆಂದು ಬಾಗಿಲು, ಕಿಂಡಿ, ಮುಚ್ಚಳ ಎಲ್ಲ ತೆರೆದಿದ್ದವು. ಮುಚ್ಚಲು ಆಜ್ಞೆ ಹೋದದ್ದು ಡಿಕ್ಕಿಗೆ ಸುಮಾರು ಒಂದು ನಿಮಿಷ ಮೊದಲು. ಪಳಗಿದ ತಂಡಕ್ಕೂ ಎಲ್ಲವನ್ನೂ ಮುಚ್ಚಲು ಮೂರು ನಾಲ್ಕು ನಿಮಿಷ ಬೇಕು. ಜನ ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ನೀರೇ ಬಂದಿತ್ತು.

ಮುಂದೆ ನಡೆದದ್ದು ಒಂದರ ಬೆನ್ನಿಗೊಂದು. ಮುಂದಿನ ಖಾನೆಗಳು ತುಂಬಿ ಮೂತಿ ತಗ್ಗಿತು. ತೂತಿನ ಮೇಲೆ ಹೊರಗಿನಿಂದ ದಪ್ಪ ಚಾಪೆ ಎಳೆದು ಕಟ್ಟಲು ಹೋದ ತಂಡದ ಕಾಲಡಿಗೇ ಸಮುದ್ರ ಬಂತು, ಅವರು ಹಿಂದೆ ಸರಿಯಬೇಕಾಯಿತು. ಐದೇ ನಿಮಿಷದಲ್ಲಿ ಮೂತಿ ಹದಿನೈದು ಅಡಿ ಇಳಿದಿತ್ತು, ಹತ್ತಡಿ ಎತ್ತರದ ಅಟ್ಟ ನೀರಿನಡಿ. ಆಮೇಲೆ ನೀರಿಗೆ ಪಕ್ಕದ ತೂತೇ ಬೇಕಾಗಲಿಲ್ಲ. ತೋಪುಗೋಪುರದ ಕಿಂಡಿಗಳಿಂದ, ಮೇಲಿನ ಅಟ್ಟದ ಬಾಗಿಲುಗಳಿಂದ ಒಳಗೆ ಸುರಿಯಿತು. ಅದೂ ಬಲಮಗ್ಗುಲಿಗೆ ಹೆಚ್ಚು. ಹಾಗೆ ಒಂದು ಪಕ್ಕಕ್ಕೆ ಎತ್ತರದಲ್ಲಿ ತುಂಬಿದ ನೀರೇ ಹಡಗನ್ನು ಮಗುಚಿತು.

ಟ್ರೈಯನ್ ಹಡಗು ಉಳಿಯುತ್ತದೆಂದೇ ನಂಬಿದ್ದರು. ಸುಮಾರು ಐದು ಮೈಲಿ ದೂರದ ದಡಕ್ಕೆ ಓಡಿಸಿ ಮರಳಿಗೆ ಹತ್ತಿಸಲು ನೋಡಿದರು. ನೆರವಿಗೆ ಹೊರಟ ದೋಣಿಗಳನ್ನು ಬೇಡವೆಂದು ತಡೆದರು. ಮೂತಿ ತಗ್ಗಿದ ಹಡಗನ್ನು ಮುಂದಕ್ಕೆ ನೂಕಿದರೆ ಮೊರದಲ್ಲಿ ಬಾಚಿದಂತೆ ನೀರು ಒಳಬರುತ್ತದೆ. ಇದು ಆ ದಿನದ ಎರಡನೇ ತಪ್ಪು ಎಂದು ನಮ್ಮ ಎಣಿಕೆ. ಹೈಡ್ರಾಲಿಕ್ ಶಕ್ತಿ ನಿಂತುಹೋಗಿ ಚುಕ್ಕಾಣಿಯೂ ಕೈಕೊಟ್ಟಿತು, ಭಾರದ ದೋಣಿಗಳನ್ನು ಇಳಿಸುವ ಯಂತ್ರವೂ ನಿಂತಿತು.

ನಾವಿಕರು ಮೇಲಿನ ಅಟ್ಟದಲ್ಲಿ ಸಾಲಾಗಿ ನಿಂತಿದ್ದರು, ಗದ್ದಲವಿಲ್ಲದೆ. ಹಾರಿ ಎಂಬ ಮಾತು ಬಂದಾಗ ಹಡಗು ಆಗಲೇ ಹೊರಳುತ್ತಿತ್ತು. ಪ್ರೊಪೆಲ್ಲರುಗಳು ಇನ್ನೂ ತಿರುಗುತ್ತಿದ್ದವು. ನೀರಿನಲ್ಲಿದ್ದ ಎಷ್ಟೋ ಮಂದಿ ಅವಕ್ಕೆ ಸಿಕ್ಕರು. ಕೆಳಗೆ ಎಂಜಿನ್ ಮತ್ತು ಬಾಯ್ಲರ್ ಕೋಣೆಗಳಲ್ಲಿದ್ದವರಿಗೆ ಮೇಲೆ ಬನ್ನಿ ಎಂಬ ಆಜ್ಞೆ ಹೋಗಲೇ ಇಲ್ಲ. ಅವರು ಕೊನೆವರೆಗೂ ಉಗಿ ಕೊಡುತ್ತಲೇ ಇದ್ದರು. ಬದುಕಿದವರು 357. ಅವರಲ್ಲಿ ಮಾಲ್ಟಾ ಜ್ವರದಿಂದ ಹಾಸಿಗೆ ಹಿಡಿದಿದ್ದ ಕಮಾಂಡರ್ ಜಾನ್ ಜೆಲಿಕೋ ಒಬ್ಬರು. ಒಬ್ಬ ಮಿಡ್‌ಶಿಪ್‌ಮನ್ ಅವರನ್ನು ನೀರಿನಲ್ಲಿ ಹಿಡಿದು ತೇಲಿಸಿದ. 1916ರ ಜಟ್‌ಲ್ಯಾಂಡ್ ಕದನದಲ್ಲಿ ಬ್ರಿಟಿಷ್ ನೌಕಾಬಲ ನಡೆಸಿದವರು ಇದೇ ಜೆಲಿಕೋ.

‘ಕ್ಯಾಂಪರ್‌ಡೌನ್’ ಸಹ ಮುಳುಗುವುದು ಕೂದಲೆಳೆಯಲ್ಲಿ ತಪ್ಪಿತು. ಅಲ್ಲಿಯೂ ಬಾಗಿಲು ಮುಚ್ಚಿರಲಿಲ್ಲ. ನೂರಾರು ಜನ ಹೆಣಗಿ, ಒಳಗೆ ತಾತ್ಕಾಲಿಕ ಅಡ್ಡಗೋಡೆ ಕಟ್ಟಿ ನೀರು ತಡೆದರು. ಹಿಂದೆ ಬರುತ್ತಿದ್ದ ‘ನೈಲ್’ ಸ್ವಲ್ಪದರಲ್ಲಿ ‘ವಿಕ್ಟೋರಿಯಾ’ಗೆ ಗುದ್ದುವುದು ತಪ್ಪಿತು.

ತೀರ್ಪು

ಜುಲೈ 17ರಂದು ಮಾಲ್ಟಾದಲ್ಲಿ ‘ಹೈಬರ್ನಿಯಾ’ ಹಡಗಿನ ಮೇಲೆ ಕೋರ್ಟ್ ಮಾರ್ಷಲ್ ಕೂಡಿತು. ಅಧ್ಯಕ್ಷರು ಟ್ರೈಯನ್ನರ ಜಾಗಕ್ಕೆ ಬಂದ ಸರ್ ಮೈಕೆಲ್ ಕಲ್ಮ್-ಸೀಮೋರ್. ಆರೋಪಿಗಳು ಬರ್ಕ್ ಮತ್ತು ಬದುಕುಳಿದವರು. ಮಾರ್ಕಮ್ ಬಂದದ್ದು ಸಾಕ್ಷಿಯಾಗಿ. ಟ್ರೈಯನ್ನರ ಜ್ಞಾಪನ, ಆಜ್ಞೆ ಪಾಲಿಸಿದರೆ ಡಿಕ್ಕಿಯಾಗುವಂತಿದ್ದರೆ ಡಿಕ್ಕಿ ತಪ್ಪಿಸಿ ಎಂಬುದು, ವಿಚಾರಣೆಯಲ್ಲಿ ಮುಂದೆ ಬಂತು. ಹೊಣೆ ಟ್ರೈಯನ್ನರದೇ ಎಂದು ನ್ಯಾಯಮಂಡಲಿ ಹೇಳಿತು, ಬರ್ಕ್ ಮತ್ತಿತರರನ್ನು ಬಿಟ್ಟಿತು. ಮಾರ್ಕಮ್ ತಮ್ಮ ಸಂಶಯವನ್ನು ಸೆಮಾಫೋರಿನಲ್ಲಿ ಕೇಳದೆ ಹೋದದ್ದಕ್ಕೆ ವಿಷಾದಿಸಿತು. ಆದರೆ ಎದುರಿಗೇ ಇರುವ ದಂಡನಾಯಕನ ಆಜ್ಞೆ ಪಾಲಿಸಿದ್ದು ತಪ್ಪು ಎಂದರೆ ಸೇವೆಯ ಹಿತಕ್ಕೇ ಮಾರಕವಾದೀತು ಎಂದು ಸೇರಿಸಿತು.

ಈ ಕೊನೆಯ ಮಾತು ಟ್ರೈಯನ್ನರ ಜ್ಞಾಪನವನ್ನು ಅಳಿಸಿಹಾಕಿತು. ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ. ‘ಟಿ.ಎ.’ ಪದ್ಧತಿಯನ್ನೂ ಅವರ ಜೊತೆಗೇ ಹೂತರು. ಆ ದಿನದ ಆಜ್ಞೆ ‘ಟಿ.ಎ.’ಯಲ್ಲಿ ಬಂದದ್ದೇ ಅಲ್ಲ, ಸಂಜ್ಞಾ ಪುಸ್ತಕದ ಪ್ರಕಾರ ಸಾಲಾಗಿ ಬಾವುಟ ಏರಿಸಿ, ಓದಿ, ಉತ್ತರಿಸಿ ಜಾರಿಯಾದದ್ದು ಎಂದು ‘ನೈಲ್’ನ ಕ್ಯಾಪ್ಟನ್ ಜೆರಾರ್ಡ್ ನೋಯೆಲ್ ಅವರಂಥ ಟ್ರೈಯನ್ ಪಕ್ಷದವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಸತ್ತ ಅಡ್ಮಿರಲ್ಲಿನ ಹೊಸ ಪದ್ಧತಿಯ ಪರ ನಿಲ್ಲಲು ನೇವಿಯಲ್ಲಿ ಆಗ ಹೆಚ್ಚು ಜನ ಸಿದ್ಧರಿರಲಿಲ್ಲ. ಮಾರ್ಕಮ್ ಮುಂದೆ ಥೇಮ್ಸ್ ನದಿಯ ಬಾಯಲ್ಲಿನ ನೋರ್ ನೆಲೆಯ ಮುಖ್ಯಸ್ಥರಾಗಿ ನಿವೃತ್ತಿಯ ಕಡೆ ನಡೆದರು.

ಹಡಗು ಮುಳುಗಿದ್ದರ ತಾಂತ್ರಿಕ ತನಿಖೆಯನ್ನು ನೌಕಾ ನಿರ್ಮಾಣದ ನಿರ್ದೇಶಕ ವಿಲಿಯಂ ವೈಟ್ ನಡೆಸಿದರು. ಬಾಗಿಲು, ಮುಚ್ಚಳ, ತೋಪುಕಿಂಡಿಗಳು ಮುಚ್ಚಿದ್ದಿದ್ದರೆ ‘ವಿಕ್ಟೋರಿಯಾ’ ಮೂತಿ ತಗ್ಗಿಸಿಕೊಂಡೇ ಆದರೂ ತೇಲುತ್ತಿತ್ತು, ಮಗುಚುತ್ತಿರಲಿಲ್ಲ ಎಂಬುದು ಅವರ ಲೆಕ್ಕದ ಫಲ.

2004ರ ಆಗಸ್ಟ್‌ನಲ್ಲಿ ಲೆಬನಾನ್-ಆಸ್ಟ್ರಿಯಾ ಮೂಲದ ಮುಳುಗುಗಾರ ಕ್ರಿಶ್ಚಿಯನ್ ಫ್ರಾನ್ಸಿಸ್ ಹಡಗನ್ನು ಪತ್ತೆಹಚ್ಚಿದರು. ಅದು ಮಲಗಿಲ್ಲ, ನೆಟ್ಟಗೆ ನಿಂತಿದೆ. ಸುಮಾರು 150 ಮೀಟರ್ ಆಳದ ಕೆಸರಿನಲ್ಲಿ ಮೂತಿ ಹೂತಿದೆ, ಹಿಂಭಾಗ ಮೇಲಕ್ಕೆ ಚಾಚಿ ನೀರಿನ ಮಟ್ಟದಿಂದ 77 ಮೀಟರ್ ಕೆಳಗೆ ಕಾಣುತ್ತದೆ. ಮುಂದೆ ತೋಪುಗಳ ಭಾರ, ಹಿಂದೆ ಕೊನೆಯವರೆಗೂ ತಿರುಗುತ್ತಲೇ ಇದ್ದ ಪ್ರೊಪೆಲ್ಲರುಗಳು. ಎರಡೂ ಸೇರಿ ಅದನ್ನು ಗೂಟದಂತೆ ನೆಲಕ್ಕೆ ನೆಟ್ಟಿವೆ.